ಕಂಡಕ್ಟರ್ ಗುರಲಿಂಗಪ್ಪನ ಕಾಗೆ ಲೆಕ್ಕ

ಗುರಲಿಂಗಪ್ಪ ಒಂದು ಕಾಲಕ್ಕೆ ತಿಕೋಟಾ, ಬಬಲೇಶ್ವರದ ಬಸ್ಸುಗಳಲ್ಲಿ ಕಂಡಕ್ಟರ್. ಅವನ ಮಾತು ನಂಬುವುದಾದರೆ, ದ್ರಾಕ್ಷಿ ಹಂಗಾಮಿನಲ್ಲಿ ಅವನ ಬಸ್ಸು ಎಷ್ಟು ತುಂಬಿರುತ್ತಿತ್ತೆಂದರೆ, ಹಿಂದಿನ ಸೀಟಿನವ ಸೀನಿದರೆ ಬಾಗಿಲಲ್ಲಿ ನಿಂತ ಇಬ್ಬರು ರಸ್ತೆಗೆ ಬೀಳುತ್ತಿದ್ದರು. ಬಸ್ಸಿನ ವೇಗವೂ ಹಾಗೆಯೇ. ತಿಕೋಟಾದಲ್ಲಿ ಹಸಿದ್ರಾಕ್ಷಿ ಬುಟ್ಟಿ ಹಿಡಿದು ಹತ್ತಿದವರು ವಿಜಯಪುರದಲ್ಲಿ ಇಳಿಯುವ ಹೊತ್ತಿಗೆ ಬುಟ್ಟಿಯಲ್ಲಿ ಒಣದ್ರಾಕ್ಷಿ ಇರುತ್ತಿತ್ತಂತೆ.

ನಿವೃತ್ತಿಯಾಗಿ ವಿಜಯಪುರದ ಜೋರಾಪುರ ಪೇಟೆಯ ಮನೆಯಲ್ಲಿ ಕೂತ ಮೇಲೆ ಎಣಿಸಲು ಮಂದಿ ಇಲ್ಲದಂತಾಯಿತು. ಪುಣ್ಯಕ್ಕೆ ಕಾಗೆಗಳಿದ್ದವು. ಚಳಿಗಾಲ ಬಂತೆಂದರೆ ಮನೆಯ ಹಿಂದಿನ ಹಳೆಯ ಬೇವಿನ ಮರಗಳು ಸಂಜೆಗೆ ಕಪ್ಪಾಗುತ್ತವೆ. ಪಶ್ಚಿಮಕ್ಕೆ ತಿಕೋಟಾದ ದ್ರಾಕ್ಷಿ ತೋಟಗಳಿಂದ ಒಂದು ಸಾಲು, ನೈಋತ್ಯಕ್ಕೆ ಬಬಲೇಶ್ವರದ ಹೊಲಗಳಿಂದ ಇನ್ನೊಂದು ಸಾಲು, ಹಗಲೆಲ್ಲ ಹೊಟ್ಟೆ ತುಂಬಿಸಿಕೊಂಡು ರಾತ್ರಿ ಮಲಗಲು ಊರಿಗೆ ಬರುತ್ತವೆ. "ನಮ್ಮ ರೂಟಿನ ಮಂದಿ," ಎನ್ನುತ್ತಾನೆ ಗುರಲಿಂಗಪ್ಪ. "ಟಿಕೆಟ್ಟೊಂದ ಇಲ್ಲ."

ಎಣಿಸುವ ರೀತಿಯೂ ಕಂಡಕ್ಟರನದೇ. ಸಾಲಿಗೆ ಐದು ಸೀಟಿನಂತೆ ಐದೈದು ಕಾಗೆಗಳನ್ನು ಕಣ್ಣಿನಲ್ಲೇ ಕೂರಿಸುತ್ತ ಹೋಗುವುದು. ಐವತ್ತಾದರೆ "ರೈಟ್!" ಎನ್ನುವುದು. ಆಗ ಪಕ್ಕದಲ್ಲಿ ಕಾಳು ಹಸನು ಮಾಡುತ್ತ ಕೂತ ಹೆಂಡತಿ ಶಂಕ್ರೆವ್ವ, ತಲೆ ಎತ್ತದೆ, ಒಂದು ಹುಣಸೆಬೀಜವನ್ನು ತಂಬಿಗೆಗೆ ಹಾಕುವುದು. ಒಂದು ಬೀಜವೆಂದರೆ ಒಂದು ಬಸ್ಸು ಕಾಗೆ.

ಮರಗಳ ಆಚೆ ಬದಿಯಲ್ಲಿ ಶೈಲಶ್ರೀಯ ಮನೆ. ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು. ಪ್ರತಿ ಚಳಿಗಾಲ ಗೆಳತಿಯರ ಜೊತೆ ಹಕ್ಕಿ ಎಣಿಸಿ ಲೆಕ್ಕ ಕಳಿಸುತ್ತಾಳೆ. ಗುರಲಿಂಗಪ್ಪನನ್ನೂ ಕೇಳುತ್ತಾಳೆ, ಕೇಳಿ ಬಿಟ್ಟುಬಿಡುತ್ತಾಳೆ. ಬಿಡದೇನು ಮಾಡಿಯಾಳು? ಹಿಂದಿನ ವರ್ಷ ಅವನು, "ಒಂದ ಲಕ್ಷ ತಂಗಿ, ಅದರಾಗ ನಾಕು ಕಾಗಿ ಮಹಾರಾಷ್ಟ್ರ ಪಾಸಿಂಗ್," ಎಂದಿದ್ದ.

ಈ ಜನವರಿಯಲ್ಲಿ ಅವಳೇ ಮನೆಗೆ ಬಂದಳು. "ಕಾಕಾರ, ಈ ಸಲ ಒಂಚೂರೂ ಉಪ್ಪುಖಾರ ಹಚ್ಚದಽ ಹೇಳ್ರಿ. ನಿಮ್ಮ ಲೆಕ್ಕಾನೂ ನಿಮ್ಮ ಹೆಸರಿನ್ಯಾಗ ಕಳಸ್ತೀನಿ."

ಗುರಲಿಂಗಪ್ಪನಿಗೆ ಆ ಮಾತು ನಾಟಿತು. ಎಪ್ಪತ್ತು ವರ್ಷದಲ್ಲಿ ಜನ ಅವನ ಮಾತಿಗೆ ನಕ್ಕಿದ್ದರು, ಚಹಾ ಕುಡಿಸಿದ್ದರು, ಆದರೆ ಒಬ್ಬರೂ ನಂಬಿರಲಿಲ್ಲ. ಒಂದು ಸಲವಾದರೂ ತಾನು ಹೇಳಿದ್ದನ್ನು ಯಾರಾದರೂ ಹೇಳಿದ ಹಾಗೆಯೇ ಒಪ್ಪಿಕೊಳ್ಳಬೇಕೆಂಬ ಆಸೆ ಹುಟ್ಟಿತು. ವಾರವಿಡೀ ಖರೇ ಹೇಳುವ ರೂಢಿ ಮಾಡಿಕೊಂಡ. ಗಾಂಧಿ ಚೌಕದ ಚಹಾ ಅಂಗಡಿಯಲ್ಲಿ ಯಾರೋ ಉಳ್ಳಾಗಡ್ಡಿ ದರ ಕೇಳಿದಾಗ ಇದ್ದ ದರವನ್ನೇ ಹೇಳಿದ್ದಕ್ಕೆ, ಅಂಗಡಿಯ ಬುಡ್ಡೇಸಾಬ ಗಾಬರಿಯಾಗಿ ಅವನ ಹಣೆ ಮುಟ್ಟಿ ನೋಡಿದ.

ಎಣಿಕೆಯ ಸಂಜೆ ಗುರಲಿಂಗಪ್ಪ ಮಾಳಿಗೆಯ ಮೇಲೆ ಕಣ್ಣು ಮಿಟುಕಿಸದೆ ಕೂತ. ಕತ್ತಲಾದ ಮೇಲೆ ತಂಬಿಗೆಯಲ್ಲಿ ತೊಂಬತ್ನಾಲ್ಕು ಬೀಜ. ತಾನೇ ನಡೆದು ಹೋಗಿ ಶೈಲಶ್ರೀಗೆ ಹೇಳಿದ: "ನಾಕು ಸಾವಿರದ ಏಳನೂರು. ಒಂದೂ ಹೆಚ್ಚ ಹೇಳಿಲ್ಲ, ಒಂದೂ ಕಡಿಮಿ ಹೇಳಿಲ್ಲ."

ಶೈಲಶ್ರೀ ತನ್ನ ಲೆಕ್ಕ ನೋಡಿಕೊಂಡಳು. ಎರಡು ಸಾವಿರದ ಮುನ್ನೂರ ಚಿಲ್ಲರೆ. ಅವಳಿಗೆ ನಗು ತಡೆಯಲಿಲ್ಲ. "ಭಾಳ ಸುಧಾರಿಸೀರಿ ಕಾಕಾರ! ಈ ಸಲ ಬರೇ ಎರಡ ಪಟ್ಟು!"

ಗುರಲಿಂಗಪ್ಪ ಬಂದ ದಾರಿಯಲ್ಲೇ ತಿರುಗಿದ. ಮನೆಗೆ ಬಂದು ಮುಸುಕು ಹೊದ್ದು ಮಲಗಿದ. ಮರುದಿನ ಸಂಜೆ ಕಾಗೆಗಳು ಬಂದವು, ಅವನು ಮಾಳಿಗೆ ಹತ್ತಲಿಲ್ಲ. ಅದರ ಮರುದಿನವೂ ಇಲ್ಲ.

ಶಂಕ್ರೆವ್ವ ಬಬಲೇಶ್ವರದ ಹೆಣ್ಣುಮಗಳು. ಗಂಡನ ಸುಳ್ಳುಗಳ ಜೊತೆ ನಲವತ್ತೈದು ವರ್ಷ ಬಾಳಿದವಳು. ಸುಳ್ಳು ಹೇಳುವಾಗ ಅವನ ಹುಬ್ಬು ಕುಣಿಯುತ್ತದೆ, ಕೇಳಲು ಇನ್ನೂ ಯಾರಾದರೂ ಇದ್ದಾರೇನೋ ಎಂದು ಕತ್ತು ಆಚೀಚೆ ತಿರುಗುತ್ತದೆ. ಆ ಸಂಜೆ ಲೆಕ್ಕ ಹೇಳಲು ಹೊರಟಾಗ ಎರಡೂ ಆಗಿರಲಿಲ್ಲ. ಅಂದಮೇಲೆ ನಾಲಿಗೆಯ ತಪ್ಪಲ್ಲ. ಮೂರನೆಯ ಸಂಜೆ ಕೈಹಿಡಿದು ಅವನನ್ನು ಮಾಳಿಗೆಗೆ ಎಳೆದೊಯ್ದಳು. ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿದಳು.

"ಏನ್ರಿ, ಗೋಳಗುಮ್ಮಟ ಕಾಣ್ತೈತೇನು?"

"ಕಾಣದ ಏನು. ಎರಡೂ ಕಾಣ್ತಾವ."

"ಎರಡಽ?"

"ಹಳೇದೊಂದು, ಹೊಸಾದೊಂದು. ಆರ ತಿಂಗಳಾತು, ಅದರ ಮಗ್ಗಲಕ್ಕ ಇನ್ನೊಂದ ಕಟ್ಟಾಕತ್ತಾರಲ್ಲ. ಹೊಸಾದು ಒಂಚೂರು ಮಸುಕೈತಿ. ಗಿಲಾವ, ಸುಣ್ಣ ಇನ್ನಾ ಆಗಿಲ್ಲಂತ ಕಾಣ್ತದ."

"ಅಯ್ಯ ನಮ್ಮಪ್ಪಾ! ಇಷ್ಟ ದಿನ ಯಾರಿಗೂ ಯಾಕ ಹೇಳಲಿಲ್ರಿ?"

ಗುರಲಿಂಗಪ್ಪ ದಿಗಂತದ ಕಡೆಗೇ ನೋಡುತ್ತ ಹೇಳಿದ: "ನಾ ಹೇಳಿದ್ರ ಯಾರ ನಂಬತಿದ್ರು, ಶಂಕ್ರಿ?"

ಶಂಕ್ರೆವ್ವ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ನಕ್ಕು ಮುಗಿಸಿದ ಮೇಲೆ ಅದೇ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾ ನಂಬತೀನ್ರಿ," ಎಂದಳು. "ನಡೀರಿ ಡಾಕ್ಟರ ಹತ್ರ."

ಕಣ್ಣಿಗೆ ಪೊರೆ ಬಂದಿತ್ತು. ಅದು ಹೀಗೆ ಬೆಳೆದಾಗ ಒಂದು ವಸ್ತು ಎರಡಾಗಿ ಕಾಣುವುದುಂಟು ಎಂದರು ಡಾಕ್ಟರು. ಆಪರೇಶನ್ ಆಯಿತು. ತೆಗೆದ ಪೊರೆ ಜೋಳದ ರೊಟ್ಟಿಯಷ್ಟಿತ್ತು ಎಂದು ಗುರಲಿಂಗಪ್ಪ ಕಂಡವರಿಗೆಲ್ಲ ಹೇಳಿದ. ಹುಬ್ಬು ಕುಣಿಯಿತು. ಗಂಡ ಗುಣವಾಗುತ್ತಿದ್ದಾನೆಂದು ಶಂಕ್ರೆವ್ವನಿಗೆ ಸಮಾಧಾನವಾಯಿತು.

ಸುದ್ದಿ ಕೇಳಿದ ಶೈಲಶ್ರೀ ಫೆಬ್ರುವರಿ ಕೊನೆಗೆ, ಕಾಗೆಗಳು ಚದುರುವ ಮೊದಲು, ಇಬ್ಬರು ಗೆಳತಿಯರೊಂದಿಗೆ ಅವರ ಮಾಳಿಗೆಗೇ ಬಂದಳು.

"ಅವತ್ತ ನಕ್ಕಿದ್ದು ತಪ್ಪಾತ್ರಿ ಕಾಕಾರ."

"ನಕ್ಕಿದ್ದಕ್ಕ ಏನಿಲ್ಲ ತಂಗಿ. ಜೀವನದಾಗ ಒಮ್ಮೆ ನಾ ಖರೇ ಹೇಳಿದ್ನಿ, ಆವಾಗಽ ನೀ ನಕ್ಕಿ ನೋಡು, ಅದಽ ತ್ರಾಸಾತು. ಬಾ, ಮತ್ತೊಮ್ಮೆ ಎಣಸೂಣು."

ಬೇರೆಬೇರೆ ಮೂಲೆಯಲ್ಲಿ ಕೂತು, ಒಬ್ಬರಿಗೊಬ್ಬರು ಹೇಳದೆ ಎಣಿಸಿದರು. ಕತ್ತಲಾಯಿತು. ಗುರಲಿಂಗಪ್ಪನದು ನಲವತ್ಮೂರು ಬಸ್ಸು, ಮೇಲೆ ಹದಿನೇಳು ಕಾಗೆ. ಶೈಲಶ್ರೀಯದು ಅದಕ್ಕಿಂತ ಒಂಬತ್ತು ಕಡಿಮೆ.

"ನಿಮ್ಮ ಲೆಕ್ಕಾನಽ ಕಳಸ್ತೀನ್ರಿ," ಎಂದು ಶೈಲಶ್ರೀ ಅವನ ಹೆಸರನ್ನೂ ಅಂಕಿಯನ್ನೂ ಗೆಳತಿಯರಿಗೆ ಜೋರಾಗಿ ಓದಿ ಹೇಳಿದಳು. ಅವರು ತಲೆಯಾಡಿಸಿದರು. ಯಾರೂ ನಗಲಿಲ್ಲ.

ಗುರಲಿಂಗಪ್ಪ ಸ್ವಲ್ಪ ಹೊತ್ತು ಕಾದ. ಆಗಲೂ ಯಾರೂ ನಗಲಿಲ್ಲ. ಎದೆಯೇನೋ ತುಂಬಿತು, ಆದರೆ ಹೊಸ ಚಪ್ಪಲಿ ಹಾಕಿಕೊಂಡವನ ಹಾಗೆ ಒಂದು ಥರದ ಮುಜುಗರ, ಎಲ್ಲಿ ಕಾಲಿಡಬೇಕೋ ತಿಳಿಯದು. ಹೆಂಡತಿಯ ಕಡೆ ನೋಡಿದ. ಅವಳು ಗತ್ತಿನಿಂದ ಬೀಜ ಬಳಿದುಕೊಳ್ಳುತ್ತಿದ್ದಳು. ಕೊನೆಗೆ ತಡೆಯಲಾರದೆ ಗಂಟಲು ಸರಿಮಾಡಿಕೊಂಡ.

"ತಂಗಿ, ಹೋದ ತಿಂಗಳದ್ದು ಸುಳ್ಳಂತ ಮಾತ್ರ ಬರೀಬ್ಯಾಡ."

"ಮತ್ತ ಏನಂತ ಬರೀಲ್ರಿ?"

"ಖರೇನಽ ಇದ್ದೂವಂತ ಬರಿ. ಅರ್ಧ ಕಾಗಿ ಆ ಡಾಕ್ಟರ ಆಪರೇಶನ್ನಿನ್ಯಾಗ ತಗದಬಿಟ್ಟ ಅಂತ ಬರಿ. ಎರಡ ಸಾವಿರ ಕಾಗಿ ಅವನ ದವಾಖಾನಿ ಕಪಾಟಿನ್ಯಾಗ ಇನ್ನಾ ಒದರಾಕತ್ತಾವು, ಬೇಕಾದ್ರ ಹೋಗಿ ಕೇಳ್ರಿ!"