ಸತ್ತವನ ಕೋಟು, ಅಪ್ಪನ ವಾಚು

ಶುಕ್ರವಾರ ಮಧ್ಯಾಹ್ನ, ಕೊಲ್ಲಿಯ ಅರಬ್ ನಾಡಿನಲ್ಲಿ, ಹಮ್ರಿಯಾದ ನಮ್ಮ ಫ್ಲ್ಯಾಟಿನಲ್ಲಿ ಯಹೂದಿ ಕುಟುಂಬವೊಂದರ ಸಿನಿಮಾ ನೋಡುತ್ತಿದ್ದೆ. ಪಕ್ಕದವರು ಏನೆಂದುಕೊಳ್ಳುತ್ತಾರೋ ಎಂದು ಪರದೆ ಎಳೆದು, ಸದ್ದು ತಗ್ಗಿಸಿದ್ದೆ. ತಂದೆಯನ್ನು ಮಣ್ಣು ಮಾಡಿ ಬಂದ ಅಣ್ಣತಮ್ಮಂದಿರು, ಬಂದವರೆದುರು ಅಳುತ್ತಲೇ, ಸತ್ತವನ ಕೋಟು ಯಾರಿಗೆಂದು ಪಿಸುದನಿಯಲ್ಲಿ ಜಗಳಕ್ಕೆ ಬಿದ್ದಿದ್ದರು. ನಾನು ಕಿಸಕ್ಕನೆ ನಕ್ಕೆ.

ಧಾರವಾಡದಿಂದ ವಿಸಿಟ್ ವೀಸಾದಲ್ಲಿ ಬಂದಿದ್ದ ಅವ್ವ ಕಣ್ಣು ಕಿರಿದು ಮಾಡಿದಳು.

“ಸತ್ತವರ ಮನ್ಯಾಗ ನಗೂವಂಥಾದ್ದು ಏನೈತೋ?”

“ಇದು ಕಾಮಿಡಿ, ಅವ್ವಾ.”

ಅವಳು ನಂಬಲಿಲ್ಲ. ಭಾಷೆ ತಿಳಿಯದಿದ್ದರೂ ಪೊಲೀಸರಂತೆ ಕೊನೆಯವರೆಗೂ ಕೂತು ನೋಡಿದಳು, ಒಮ್ಮೆಯೂ ನಗಲಿಲ್ಲ. ಸಿನಿಮಾ ಮುಗಿದ ಮೇಲೆ ನನ್ನ ಕಡೆ ತಿರುಗಿದಳು.

“ನಿಮ್ಮಪ್ಪನ ವಾಚಿಗೆ ನೀವಿಬ್ಬರೂ ಕಿತ್ತಾಡಿದ್ದು ಇವರಿಗೆ ಯಾರು ಹೇಳ್ಯಾರ? ನೀನೋ, ನಿಮ್ಮಣ್ಣನೋ?”

ನಾನು ಅದೇ ವಾಚು ಕಟ್ಟಿದ್ದ ಕೈಯನ್ನು ಮೆಲ್ಲಗೆ ದಿಂಬಿನ ಅಡಿಗೆ ಸರಿಸಿದೆ.