ತುಳಸಿಯ ಮುಂದಿನ ಐದು ಚುಕ್ಕಿ

ಇಂಥ ಕತೆಗಳನ್ನು ಯಾರಾದರೂ ಹೇಳಿದರೆ ಮೊದಲು ನಗುತ್ತಿದ್ದವನು ನಾನೇ. ನೀವು ನಂಬಲೇಬೇಕೆಂದು ಒತ್ತಾಯಿಸಲಾರೆ. ನಡೆದದ್ದನ್ನು ನಡೆದಂತೆ ಹೇಳಿಬಿಡುತ್ತೇನೆ.

ರಾಜ್ಯ ಒಂದಾದ ಮರುವರ್ಷ. ಶಿರಸಿಯ ಶಾಲೆಯೊಂದರಲ್ಲಿ ನಾನು ಡ್ರಾಯಿಂಗ್ ಮಾಸ್ತರ. ನವರಾತ್ರಿ ರಜೆಯಲ್ಲಿ ಉಮ್ಮಚಗಿಗೆ ಹೋಗಿ, ತಂಗಿ ಗೌರಿಯ ಮನೆಯನ್ನು ಎಣ್ಣೆಬಣ್ಣದಲ್ಲಿ ಬರೆದು ತಂದಿದ್ದೆ. ಮುಂಬಯಿಯಲ್ಲಿ ಪರೀಕ್ಷೆಗೆ ಕೂತಾಗ ಕಲಿತ ಶೈಲಿ: ಹತ್ತಿರ ನಿಂತರೆ ಬರೀ ಬಣ್ಣದ ಮುದ್ದೆ; ನಾಲ್ಕು ಹೆಜ್ಜೆ ಹಿಂದೆ ಸರಿದರೆ ಹೆಂಚಿನ ಮಾಡು, ಡೇರೆ ಹೂವಿನ ಸಾಲು, ತುಳಸಿಕಟ್ಟೆ, ಅದರ ಮುಂದೆ ಗೌರಿ ದಿನಾ ಹಾಕುವ ದೊಡ್ಡ ರಂಗೋಲಿ. ಆಯಿ ದಿನಕ್ಕೊಮ್ಮೆ ಅದರ ಮುಂದೆ ನಿಂತು, ಮಗಳ ಮನೆಗೆ ಹೋಗಿಬಂದಷ್ಟು ಸಂತೋಷಪಡುತ್ತಿದ್ದಳು.

ಮಾಘದ ಒಂದು ಭಾನುವಾರ ಮಧ್ಯಾಹ್ನ ಚಿತ್ರದ ಮುಂದೆ ನಿಂತು ನನ್ನನ್ನು ಕರೆದಳು. "ತಮಾ, ವಾರಾತು, ರಂಗೋಲಿ ಎಂತಕ್ಕೆ ಕಾಣ್ತಿಲ್ಲೆ? ಗೌರಿ ಕೂಸಿಗೆ ಎಂತೋ ಆಜು. ಒಂದ್ಸಲ ಹೋಗಿ ನೋಡ್ಕಂಡು ಬಾ."

ನಿಜಕ್ಕೂ ಇರಲಿಲ್ಲ. ಕೆರೆದ ಗುರುತಿಲ್ಲ, ಉದುರಿದ ಚೂರಿಲ್ಲ, ಬರೀ ಕೆಮ್ಮಣ್ಣಿನ ಅಂಗಳ. ಅತ್ತೆ, ನಾದಿನಿ ಯಾರೂ ಇಲ್ಲದ ಮನೆ ಅದು. ಗೌರಿ ಹಾಸಿಗೆ ಹಿಡಿದರೆ ರಂಗೋಲಿ ಹಾಕುವವರಿಲ್ಲ. ಆಯಿಯ ಭಯ ಅದೇ. ಮೂರು ಗಂಟೆಯ ಬಸ್ಸಿಗೆ ಹೋಗಬಹುದಿತ್ತು. ಉತ್ತರಪತ್ರಿಕೆ ತಿದ್ದುವುದಿದೆ ಎಂದು ನೆವ ಹೇಳಿದೆ. ಅವಳ ಬಾಯಿ ಮುಚ್ಚಿಸಲು ಬಿಳಿ ಬಣ್ಣ ಕಲಸಿ, ತುಳಸಿಯ ಮುಂದೆ ಐದು ಚುಕ್ಕಿ ಒತ್ತಿದೆ. ಗೆರೆ ಎಳೆಯುವಷ್ಟು ತಾಳ್ಮೆಯೂ ಇರಲಿಲ್ಲ. "ತಗ, ನಿನ್ನ ಮಗಳು ಎದ್ದು ರಂಗೋಲಿ ಹಾಕ್ತಾ ಇದ್ದು ನೋಡು" ಎಂದು ತಮಾಷೆ ಬೇರೆ ಮಾಡಿದೆ.

ಮರುದಿನ ಬೆಳಿಗ್ಗೆ ಸುದ್ದಿ ಬಂತು. ಗೌರಿ ಹೋಗಿಬಿಟ್ಟಿದ್ದಳು. ಆಯಿಯನ್ನು ಮನೆಯಲ್ಲೇ ಬಿಟ್ಟು ನಾನೊಬ್ಬನೇ ಉಮ್ಮಚಗಿಗೆ ಹೋದೆ.

"ಜ್ವರ ಬಂದು ಎಂಟು ದಿನ ಎದ್ದಿತ್ತಿಲ್ಲೆ," ಎಂದ ಭಾವ, ಜಗಲಿಯ ಕಂಬಕ್ಕೆ ಒರಗಿ. "ನಿನ್ನೆ ಮಧ್ಯಾಹ್ನ, 'ಅಣ್ಣ ರಂಗೋಲಿ ಹಾಕು ಹೇಳ್ತಾ ಇದ್ದ' ಹೇಳಿ ಎದ್ದು ಅಂಗಳಕ್ಕೆ ಹೋತು. ಅಲ್ಲೇ ಬಿತ್ತು."

ಮಧ್ಯಾಹ್ನ ಯಾರೂ ರಂಗೋಲಿ ಹಾಕುವುದಿಲ್ಲ. ಇಳಿದು ಹೋಗಿ ನೋಡಿದೆ. ತುಳಸಿಯ ಮುಂದೆ ಐದು ಬಿಳಿ ಚುಕ್ಕಿಗಳಿದ್ದವು. ಗೆರೆ ಇರಲಿಲ್ಲ.

ಕಾಕತಾಳೀಯ ಎಂದು ಎಷ್ಟೋ ಸಲ ಹೇಳಿಕೊಂಡಿದ್ದೇನೆ, ಮನಸ್ಸು ಒಪ್ಪುವುದಿಲ್ಲ. ಆ ಜ್ವರದಲ್ಲಿ ಅವಳನ್ನು ಎಬ್ಬಿಸಿದವನು ನಾನೇ? ಇಂದಿಗೂ ತಿಳಿಯದು. ಆಯಿಗೆ ಆ ಚುಕ್ಕಿಗಳ ವಿಷಯ ಹೇಳುವ ಧೈರ್ಯ ಬರಲಿಲ್ಲ. ಅವಳು ಸಾಯುವವರೆಗೂ ಚಿತ್ರದ ಮುಂದೆ ನಿಂತು ಒಂದೇ ಮಾತು ಹೇಳುತ್ತಿದ್ದಳು: "ತಮಾ, ಬರೀ ಚುಕ್ಕಿ ಬಿಟ್ರೆ ಚೊಲೋ ಅಲ್ಲ. ಗೆರೆ ಎಳೆದು ಮುಗಸು."

ನನ್ನ ಕೈ ಏಳಲಿಲ್ಲ.