ಇದು ಇಂಗ್ಲಿಷ್ ಮನೆ ಅಲ್ಲವಂತೆ

ಸಂಘದ ಕಾರ್ಯದರ್ಶಿ ಫೋನ್ ಮಾಡಿದಾಗ ನಾನು ಅತಿಥಿಗೆಂದು ತೆಗೆದಿಟ್ಟ ಕೋಣೆಯ ಪರದೆ ತೊಳೆದು ಏರಿಸುತ್ತಿದ್ದೆ. ಆಕೆ ಲಂಡನ್ನಿನ ಹೊರವಲಯದ ಪಿನ್ನರ್‌ನವರು, ಬಹಳ ಮೆತ್ತಗೆ ಮಾತಾಡುವ ಹೆಂಗಸು.

"ಬೇಜಾರು ಮಾಡಿಕೊಳ್ಳಬೇಡಿ, ಈ ಸಲ ನಿಮ್ಮ ಮನೆಗೆ ಯಾರನ್ನೂ ಹಾಕಿಲ್ಲ" ಎಂದರು.

ಯಾಕೆ ಎಂದು ಕೇಳಿದೆ.

"ಫ್ರಾನ್ಸಿನಿಂದ ಅಷ್ಟು ದೂರ ಬರುವವರು ಒಂದು ಇಂಗ್ಲಿಷ್ ಮನೆಯಲ್ಲಿ ಇರಬೇಕು ಅಂತ ಆಸೆ ಪಡುತ್ತಾರೆ. ನಿಮಗೆ ಅರ್ಥ ಆಗುತ್ತೆ ಅಲ್ಲವೇ?"

ಅರ್ಥ ಆಯಿತು. ಆದದ್ದಕ್ಕೇ ಮೈ ಉರಿಯಿತು.

ನಮ್ಮ ಸಂಘದ್ದು ಸರಳ ಏರ್ಪಾಟು. ಫ್ರಾನ್ಸಿನ ಪಶ್ಚಿಮ ತುದಿಯಲ್ಲಿ ಬ್ರಿಟ್ಟನಿ ಎಂಬ ಕಡಲಂಚಿನ ಪ್ರಾಂತವಿದೆ. ಅಲ್ಲಿನ ಒಂದು ಸಣ್ಣ ಊರಿಗೂ ನಮಗೂ ಸ್ನೇಹ. ಒಂದು ವರ್ಷ ನಾವು ಅಲ್ಲಿಗೆ ಹೋಗಿ ಅವರ ಮನೆಗಳಲ್ಲಿ ಉಳಿಯುತ್ತೇವೆ, ಮರುವರ್ಷ ಅವರು ಇಲ್ಲಿಗೆ ಬರುತ್ತಾರೆ. ಹೋಗಿ ಉಂಡು ಬಂದವರು ಕರೆದು ಉಣಿಸಬೇಕು. ಇದು ಸಂಘದವರೇ ಮಾಡಿಕೊಂಡ ನಿಯಮ.

ಇಲ್ಲಿನ ನಗರಸಭೆಯಾದ ಕೌನ್ಸಿಲ್ ನಡೆಸುವ ಸಂಜೆ ತರಗತಿಯಲ್ಲಿ ಫ್ರೆಂಚ್ ಕಲಿತ ಮೇಲೆ ನಾನು ಸಂಘ ಸೇರಿದ್ದೆ. ಐವತ್ತು ದಾಟಿದ ಮೇಲೆ ಫ್ರೆಂಚ್ ಯಾಕೆ ಎಂದು ಕೇಳದವರಿಲ್ಲ. "ಆ ಹೊತ್ತಿನಾಗ ಮಗಳಿಗೆ ಕನ್ನಡ ಕಲಸಬಾರದೇನು?" ಎಂದು ಯುಗಾದಿ ಊಟದಲ್ಲಿ ಒಬ್ಬರು ನಾಲ್ಕು ಜನರೆದುರು ಕೇಳಿದ್ದರು. ಇಷ್ಟವಾಯಿತು, ಕಲಿತೆ. ಅದಕ್ಕಿಂತ ದೊಡ್ಡ ಕಾರಣ ಯಾರಿಗೂ ಕೊಡಬೇಕೆಂದು ನನಗೆ ಅನಿಸಲಿಲ್ಲ.

ಹಿಂದಿನ ವರ್ಷ ಬ್ರಿಟ್ಟನಿಯಲ್ಲಿ ನಾನು ಉಳಿದದ್ದು ಒಬ್ಬ ವಿಧವೆಯ ಮನೆಯಲ್ಲಿ. ಶಾಲೆಯ ಬಸ್ ಓಡಿಸಿ ನಿವೃತ್ತಿಯಾದವಳು. ಸ್ಟಿಯರಿಂಗ್ ಹಿಡಿದು ಹಿಡಿದು ತೋಳು ಗಟ್ಟಿಯಾಗಿದ್ದವು. ಮೊದಲ ದಿನವೇ ನನ್ನನ್ನು ಇಗರ್ಜಿಯ ಅಂಗಳಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಶಿಲುಬೆಯ ಸುತ್ತ ಕಲ್ಲಿನಲ್ಲಿ ಕೆತ್ತಿದ ಜನವೋ ಜನ. ಏಸುವಿನ ಕಥೆ ಹೌದು, ಆದರೆ ಮುಖಗಳು ಅದೇ ಊರಿನ ರೈತರದು. ಕೆಲವು ಮೂಗುಗಳನ್ನು ಕಡಲಗಾಳಿ ತಿಂದುಹಾಕಿತ್ತು. "ಪ್ಯಾರಿಸ್ ನೋಡಿದವರು ಫ್ರಾನ್ಸ್ ನೋಡಿದೆವು ಅಂದುಕೊಳ್ಳುತ್ತಾರೆ" ಎಂದು ಹೇಳಿ ಮೂಗು ಮುರಿದಳು. ಮನೆಯಲ್ಲಿ ಕಪಾಟು ತೆಗೆದು ಅಜ್ಜಿ ಹಾಕಿಕೊಳ್ಳುತ್ತಿದ್ದ ಲೇಸಿನ ಟೊಪ್ಪಿಗೆ ತೋರಿಸಿದಳು. ಗಂಜಿ ಹಾಕಿ ನಿಲ್ಲಿಸಿದ, ಮೊಳದುದ್ದದ ಟೊಪ್ಪಿಗೆ. ಆ ಅಜ್ಜಿ ಹುಟ್ಟಿದ ಮನೆಯಲ್ಲಿ ಆಡುತ್ತಿದ್ದದ್ದು ಆ ನೆಲದ್ದೇ ಆದ ಬ್ರೆಟನ್ ಭಾಷೆ, ಫ್ರೆಂಚ್ ಅಲ್ಲ.

ಇಂಥವಳನ್ನು ನನ್ನ ಮನೆಗೆ ಕರೆಯುವಂತಿಲ್ಲ ಎಂದರೆ ಹೇಗೆ?

ಯಜಮಾನರು ಎಂದಿನಂತೆ ಸಮಾಧಾನಕ್ಕೆ ನಿಂತರು. "ಬಿಡು ಮಾರಾಯ್ತಿ. ನಮ್ಮ ಮನಿ ಹಿಂದ ಗೋದಾಮು, ಮುಂದ ಲಾರಿ. ಪಿನ್ನರ್‌ದಾಗ ಆ ಕಾರ್ಯದರ್ಶಿ ಮನಿಗೆ ತ್ವಾಟ ಅದ, ನಿನ್ನ ಗೆಳತಿ ಆರಾಮ ಇರ್ತಾಳ. ಜಗಳ ಯಾಕ?"

"ಲಾರಿ ಇಂಗ್ಲೆಂಡಿನವೇ ಅಲ್ಲೇನ್ರಿ?" ಎಂದೆ. "ಇಪ್ಪತ್ತು ವರ್ಷದಿಂದ ಗ್ರೀನ್‌ಫರ್ಡ್‌ದಾಗ ಕೌನ್ಸಿಲ್ ಟ್ಯಾಕ್ಸ್ ಕಟ್ಟೇವಿ. ಇದು ಇಂಗ್ಲೆಂಡಿನ ಮನಿ ಅಲ್ಲಂದ್ರ ಮತ್ಯಾವ ದೇಶದ್ದು?"

ಅವರು ಪೇಪರ್ ಎತ್ತಿಕೊಂಡರು. ನಾನು ಫೋನ್ ಎತ್ತಿಕೊಂಡೆ.

ಫ್ರೆಂಚ್‌ನಲ್ಲಿ ಸಿಟ್ಟು ಬಂದಾಗ ನನಗೆ ಕ್ರಿಯಾಪದಗಳು ಕೈಕೊಡುತ್ತವೆ. ಆದರೂ ಬ್ರಿಟ್ಟನಿಯ ಆ ಗೆಳತಿಗೆ ವಿಷಯ ಮುಟ್ಟಿಸಿದೆ. ಅವಳು, "ನಿನ್ನ ಮನೆಯಲ್ಲಿ ಹಾಸಿಗೆ ಇದೆಯಾ?" ಎಂದಳು.

"ಇದೆ."

"ಸರಿ, ಮಿಕ್ಕದ್ದು ನಾನು ನೋಡಿಕೊಳ್ಳುತ್ತೇನೆ."

ಅತಿಥಿಗಳ ಕೋಚ್ ಬಸ್ಸು ಬಂದ ದಿನ ಚರ್ಚ್ ಹಾಲ್ ಮುಂದೆ ಆತಿಥೇಯರೆಲ್ಲ ಸಾಲಾಗಿ ನಿಂತಿದ್ದರು. ನನ್ನನ್ನು ಕಂಡು ಕಾರ್ಯದರ್ಶಿಯ ಮುಖ ಸಪ್ಪಗಾಯಿತು. ಗೆಳತಿ ಕೋಚಿನಿಂದ ಇಳಿದವಳೇ ನೆಟ್ಟಗೆ ನನ್ನತ್ತ ಬಂದು ಎರಡೂ ಕೆನ್ನೆಗೆ ಮುತ್ತಿಟ್ಟಳು. ಕಾರ್ಯದರ್ಶಿ ನಡುವೆ ಬಂದು, ನೀವು ನಮ್ಮ ಮನೆಗೆ, ಎಂದು ಕೈಸನ್ನೆಯಲ್ಲಿ ವಿವರಿಸತೊಡಗಿದರು. ಅವರ ಫ್ರೆಂಚ್ ನಮಸ್ಕಾರದ ಆಚೆ ಹೋಗುತ್ತಿರಲಿಲ್ಲ. ಗೆಳತಿ ಒಂದು ದೊಡ್ಡ ವಾಕ್ಯ ಹೇಳಿದಳು.

"ಏನಂತಿದ್ದಾರೆ?" ಎಂದು ಕಾರ್ಯದರ್ಶಿ ನನ್ನನ್ನೇ ಕೇಳಬೇಕಾಯಿತು.

"ಹೋದ ವರ್ಷ ಯಾರಿಗೆ ಊಟ ಹಾಕಿದ್ದೆನೋ ಅವರ ಮನೆಯಲ್ಲೇ ಉಣ್ಣುತ್ತೇನೆ ಅಂತಿದ್ದಾರೆ."

ತರ್ಜುಮೆಯಲ್ಲಿ ಒಂದು ಪದವನ್ನೂ ಸಿಹಿ ಮಾಡಲಿಲ್ಲ. ಅವಳ ಬ್ಯಾಗು ನಮ್ಮ ಕಾರಿಗೆ ಬಂತು.

ಬ್ಯಾಗಿನಲ್ಲಿ ಹಿಟ್ಟಿತ್ತು. ಅವರ ಕಡೆ ಅದಕ್ಕೆ ಕಪ್ಪು ಗೋಧಿ ಎನ್ನುತ್ತಾರೆ, ಆದರೆ ಅದು ಗೋಧಿಯೇ ಅಲ್ಲ. ಗೋಧಿ ಬೆಳೆಯದ ಬಡ ನೆಲದಲ್ಲಿ ಬರುವ ಬೇರೆಯೇ ಕಾಳು. ಮರುದಿನ ನನ್ನ ತವಾ ಕಾಯಿಸಿ, ನೀರು, ಉಪ್ಪು ಹಾಕಿ ಕಲಸಿದ ಹಿಟ್ಟನ್ನು ದೋಸೆಯಂತೆ ತೆಳ್ಳಗೆ ಹರಡಿದಳು. ಮೊದಲನೆಯದು ಹರಿದುಹೋಯಿತು, ಬ್ರೆಟನ್‌ನಲ್ಲೇ ಬೈದಳು. ಎರಡನೆಯದಕ್ಕೆ ಉಪ್ಪುಬೆಣ್ಣೆ ಸವರಿ ನಮ್ಮವರಿಗೆ ಕೊಟ್ಟಳು. ಅವರು ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದು, "ಛೊಲೊ ಅದ, ಇನ್ನೊಂದು ಹಾಕು ಅನ್ನು" ಎಂದರು. ಜಗಳ ಬೇಡ ಎಂದಿದ್ದವರು ಆ ದಿನ ಐದು ತಿಂದರು.

ಮಗಳು ಟೇಬಲ್ಲಿನ ಆ ಬದಿ ಕೂತಿದ್ದಳು. ನಾನು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷ್‌ನಲ್ಲಿ ಉತ್ತರಿಸುವುದು, ಇದನ್ನು ಗೆಳತಿ ಗಮನಿಸುತ್ತಿದ್ದಳು. ಆಮೇಲೆ ತನ್ನ ಅಜ್ಜಿಯ ಮಾತು ತೆಗೆದಳು. ಶಾಲೆಯಲ್ಲಿ ಬ್ರೆಟನ್ ಆಡಿ ಸಿಕ್ಕಿಬಿದ್ದ ಮಗುವಿನ ಕತ್ತಿಗೆ ಮೇಷ್ಟರು ಹಳೆಯ ಮರದ ಚಪ್ಪಲಿ ನೇತುಹಾಕುತ್ತಿದ್ದರಂತೆ. ಇನ್ನೊಂದು ಮಗು ಬ್ರೆಟನ್ ಆಡುವವರೆಗೆ ಅದು ಕತ್ತಿನಲ್ಲೇ. ಅಜ್ಜಿ ತನ್ನ ಮಕ್ಕಳಿಗೆ ಆ ಭಾಷೆ ಕಲಿಸಲೇ ಇಲ್ಲ. ಇವಳು ಬಸ್ಸಿಗೆ ರಜೆಯಿದ್ದ ದಿನಗಳಲ್ಲಿ ತರಗತಿಗೆ ಹೋಗಿ ಕಲಿತಳು.

ನಾನು ಅದನ್ನು ತರ್ಜುಮೆ ಮಾಡಿದೆ. ಹುಬ್ಬಳ್ಳಿಯ ಇಂಗ್ಲಿಷ್ ಶಾಲೆಯಲ್ಲಿ ಕನ್ನಡ ಆಡಿದ್ದಕ್ಕೆ ನನ್ನ ಅಕ್ಕನ ಮಗ ದಂಡ ಕಟ್ಟಿದ್ದನ್ನೂ ಸೇರಿಸಿದೆ. ಮಗಳು ತಟ್ಟೆ ನೋಡುತ್ತಾ ಇಂಗ್ಲಿಷ್‌ನಲ್ಲಿ ಅಂದಳು: "ಅಮ್ಮಾ, ನನ್ನ ಕತ್ತಿಗೆ ಯಾರೂ ಏನೂ ಹಾಕಲಿಲ್ಲ. ನಾನೇ ಬಿಟ್ಟೆ."

ನಿಜ ಹೇಳಿದ್ದಳು. ಅದನ್ನೂ ಗೆಳತಿಗೆ ತರ್ಜುಮೆ ಮಾಡಿದೆ. ಅವಳು ಮಗಳ ಕೈ ತಟ್ಟಿ, "ಮತ್ತೆ ಹಿಡಿಯಲಿಕ್ಕೂ ಯಾರ ಅಪ್ಪಣೆ ಬೇಕಿಲ್ಲ" ಎಂದಳು.

ಮುಂದಿನ ವಸಂತಕ್ಕೆ ಅಲ್ಲಿಗೆ ಹೋಗುವ ಸರದಿ ಮತ್ತೆ ನಮ್ಮದು. ಹೊಸದಾಗಿ ಹೊರಟವರಿಗೆ ಫ್ರಾನ್ಸಿನ ಬಗ್ಗೆ ಯಾರು ಹೇಳುತ್ತೀರಿ ಎಂದು ಅಧ್ಯಕ್ಷರು ಸಭೆಯಲ್ಲಿ ಕೇಳಿದರು. ಪ್ಯಾರಿಸ್ಸಿನ ಚಿತ್ರಗಳಿವೆ, ನಾನು ತೋರಿಸುತ್ತೇನೆ, ಎಂದರು ಕಾರ್ಯದರ್ಶಿ. ನಾನು ಕೈ ಎತ್ತಿದೆ. ಇಳಿಸಲೂ ಇಲ್ಲ.

ಹೇಳಿದೆ. ಅಂಗಡಿಗೆ ಕಾಲಿಟ್ಟೊಡನೆ ಮೊದಲು ನಮಸ್ಕಾರ ಹೇಳಿ, ಆಮೇಲೆ ಬೆಲೆ ಕೇಳಿ. ಇಗರ್ಜಿಯ ಒಳಗೆ ಹೋಗುವ ಮೊದಲು ಅಂಗಳ ನೋಡಿ. ರಸ್ತೆಯ ಫಲಕದಲ್ಲಿ ಎರಡು ಭಾಷೆ ಕಂಡರೆ ಎರಡನೆಯದು ಯಾವುದೆಂದು ಮನೆಯವರನ್ನು ಕೇಳಿ, ಅವರ ಮುಖ ಅರಳುತ್ತದೆ.

ಹಿಂದಿನ ಸಾಲಿನ ಒಬ್ಬರು ಎದ್ದರು. "ತಪ್ಪು ತಿಳಿಯಬೇಡಿ. ನೀವು ಫ್ರೆಂಚರಲ್ಲ, ಮೂಲತಃ ಇಲ್ಲಿಯವರೂ ಅಲ್ಲ. ನಮಗೆ ಫ್ರಾನ್ಸ್ ಹೇಳಿಕೊಡೋದು ಸ್ವಲ್ಪ ವಿಚಿತ್ರ ಅಲ್ಲವೇ?"

"ನಾನು ಧಾರವಾಡದವಳು" ಎಂದೆ. "ಅದಕ್ಕೇ, ಎಲ್ಲ ಗೊತ್ತಿದೆ ಎಂದುಕೊಳ್ಳದೆ ಕೇಳಿ ಕಲಿತೆ. ಮುಂದಿನ ಪ್ರಶ್ನೆ ಇದೆಯೇ?"

ಯಾರೋ ನಕ್ಕರು. ಪ್ರಶ್ನೆ ಕೇಳಿದವರು ಕೂತರು. ನಾನು ಕಪ್ಪು ಗೋಧಿಯ ಹಿಟ್ಟಿನ ವಿಷಯಕ್ಕೆ ಬಂದೆ.

ಕಾರ್ಯದರ್ಶಿ ಇವತ್ತಿಗೂ ಆ ಫೋನ್ ಕರೆಯ ಬಗ್ಗೆ ಬಾಯಿ ಬಿಟ್ಟಿಲ್ಲ, ನಾನು ಕಾಯುತ್ತಲೂ ಇಲ್ಲ. ನಾವು ಹೋಗಿ ಬಂದಾಯಿತು; ಈ ವರ್ಷ ಮತ್ತೆ ಅವರ ಸರದಿ, ನಮ್ಮ ಮನೆಗೆ ಒಬ್ಬರಲ್ಲ, ಗಂಡ ಹೆಂಡತಿ ಇಬ್ಬರನ್ನು ಹಾಕಿದ್ದಾರೆ. ಅವರಿಗೆ ಲಾರಿಗಳ ಸದ್ದಿನ ಬಗ್ಗೆ ಮೊದಲೇ ತಿಳಿಸಿದ್ದೇನೆ. ಬೇರೆ ಯಾವುದಕ್ಕೂ ಕ್ಷಮೆ ಕೇಳಿಲ್ಲ.